ಫೈಟ್ ನೈಟ್ ಲೇಖನ ವಾಪಸ್, ಮಾವನ ಮಾತು ಮಾತ್ರ ನಮಗಿರಲಿ

ಮಂಡ್ಯದ ಗೆಳೆಯರಿಗೆ ನಮಸ್ಕಾರ,

ನೀವು ಕಳಿಸಿದ ‘ಯುಎಫ್‌ಸಿ 300: ನನ್ನ 13 ಪಿಕ್, ನನ್ನ 9 ಗೆಲುವು’ ಲೇಖನ ಓದಿದೆ. ಯುಎಫ್‌ಸಿ ಅಂದರೆ ಪಂಜರದೊಳಗೆ ಇಬ್ಬರು ಗುದ್ದಿ, ಒದ್ದು, ಕೆಡವಿ ಆಡುವ ಫೈಟ್, ಪಿಕ್ ಅಂದರೆ ಇವನೇ ಗೆಲ್ಲೋದು ಅಂತ ನೀವು ಮೊದಲೇ ಆರಿಸಿದ್ದು. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ‘ಜಾಗ ಇಲ್ಲ, ಕ್ಷಮಿಸಿ’ ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ಆದರೆ ಲೇಖನದಲ್ಲಿ ಒಂದೇ ಒಂದು ಕಡೆ ಜೀವ ಇದೆ, ಅದು ಎಲ್ಲಿದೆ ಅಂತ ನಿಮಗೇ ಗೊತ್ತಾದ ಹಾಗೆ ಕಾಣಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಜಾರಾದರೂ ಕೊನೆವರೆಗೆ ಓದಿ.

‘ಹಳೇ ಫೈಟ್, ಪರವಾಗಿಲ್ವಾ ಸಾರ್?’ ಅಂತ ಕೇಳಿದ್ದೀರಿ. 2024ರ ಏಪ್ರಿಲ್ 13ರ ರಾತ್ರಿ ಲಾಸ್ ವೇಗಸ್‌ನಲ್ಲಿ ನಡೆದದ್ದು, ನಮಗಿಲ್ಲಿ 14ರ ಭಾನುವಾರ ಬೆಳಗ್ಗೆ. ಪರವಾಗಿಲ್ಲ ಕಣ್ರೀ, ಹಳೇದಾದರೆ ಇನ್ನೂ ಒಳ್ಳೇದು. ಯಾರು ಗೆದ್ದರು ಅನ್ನೋದು ಓದುಗರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರ ಕೈಯಲ್ಲಿ ಮೊಬೈಲ್ ಇದೆ. ಹಾಗಾಗಿ ಫಲಿತಾಂಶ ಹೇಳಿ ಪುಟ ತುಂಬಿಸೋಕೆ ಆಗಲ್ಲ. ನೀವು ಏನು ನೋಡಿದಿರಿ ಅನ್ನೋದಷ್ಟೇ ಉಳಿಯುತ್ತದೆ.

ನಿಮ್ಮ ಲೇಖನದಲ್ಲಿ ಇಲ್ಲದಿರುವುದು ಅದೇ. ಇದು ಬ್ಯಾಂಕ್ ಪಾಸ್‌ಬುಕ್ ಓದಿದ ಹಾಗಿದೆ. ಪಿಕ್ ಸರಿಹೋದ ಪಂದ್ಯಗಳೆಲ್ಲ ‘ಮಸ್ತ್ ಫೈಟ್’. ತಪ್ಪಿದ್ದಕ್ಕೆಲ್ಲ ‘ಬರೀ ಲಕ್’, ‘ಜಡ್ಜ್‌ಗಳ ಮೋಸ’. ದುಡ್ಡು ಬಂದರೆ ಆಟ ಚೆನ್ನಾಗಿತ್ತು, ಹೋದರೆ ಆಟವೇ ಸರಿ ಇರಲಿಲ್ಲ. ಹೀಗೆ ಬರೆದರೆ ಓದೋರು ನಿಮ್ಮನ್ನು ಯಾವುದರಲ್ಲಿ ನಂಬಬೇಕು ಹೇಳಿ?

ಹಾಲೋವೇ–ಗೇಚಿ ಪಂದ್ಯ ತಗೊಳ್ಳಿ. ನೀವು ಜಸ್ಟಿನ್ ಗೇಚಿ ಅಂತ ಪಿಕ್ ಕೊಟ್ಟಿರಿ, ಮ್ಯಾಕ್ಸ್ ಹಾಲೋವೇ ಗೆದ್ದ, ನೀವು ಬರೆದದ್ದು ಇಷ್ಟೇ: ‘ಕೊನೇ ಸೆಕೆಂಡಿನಲ್ಲಿ ಲಕ್ ಹೊಡೀತು, ನನ್ನ ದುಡ್ಡು ಹೋಯ್ತು.’ ಅಯ್ಯೋ! ಆ ರಾತ್ರಿಯ ಅತಿ ದೊಡ್ಡ ಕ್ಷಣವನ್ನ ಹೀಗಾ ಮುಗಿಸೋದು? ಮೊದಲ ರೌಂಡಿನ ಕೊನೆಯಲ್ಲೇ ಹಾಲೋವೇ ತಿರುಗಿ ಕೊಟ್ಟ ಒದೆಗೆ ಗೇಚಿ ಮೂಗು ಮುರಿದಿತ್ತು. ಐದನೇ, ಅಂದರೆ ಕೊನೇ ರೌಂಡಿಗೆ ಬರುವ ಹೊತ್ತಿಗೆ ಬಹುತೇಕರ ಲೆಕ್ಕದಲ್ಲಿ ಹಾಲೋವೇನೇ ಮುಂದಿದ್ದ. ಕೊನೇ ಹತ್ತು ಸೆಕೆಂಡ್ ಓಡಾಡಿಕೊಂಡಿದ್ದರೂ ಸಾಕಿತ್ತು. ಅವನು ಏನು ಮಾಡಿದ? ನೆಲದ ಕಡೆ ಬೆರಳು ತೋರಿಸಿದ. ಇಲ್ಲೇ ನಿಲ್ಲು, ಇಬ್ಬರೂ ಹೊಡೆದಾಡೋಣ ಬಾ ಅಂತ. ಗೇಚಿ ಬಂದ. 4 ನಿಮಿಷ 59ನೇ ಸೆಕೆಂಡಿಗೆ ಮುಖ ಅಡಿಯಾಗಿ ಬಿದ್ದ. ರೌಂಡ್ ಇರುವುದೇ ಐದು ನಿಮಿಷ. ಗೆದ್ದಿರುವ ಆಟವನ್ನ ಒಬ್ಬ ಮನುಷ್ಯ ಬೇಕಂತಲೇ ಪಣಕ್ಕಿಟ್ಟ, ಅದೂ ಎದುರಾಳಿಗೆ ಅತಿ ಇಷ್ಟವಾದ ಜಾಗದಲ್ಲಿ ನಿಂತು. ಇದನ್ನ ಲಕ್ ಅಂದುಬಿಟ್ಟರೆ ಬರೆಯೋಕೆ ಇನ್ನೇನು ಉಳೀತು?

ಹಾಗಂತ ನಿಮ್ಮ ಪಿಕ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಗೇಚಿ ಫೇವರಿಟ್ ಆಗಿದ್ದಕ್ಕೆ, ಅಂದರೆ ಗೆಲ್ಲೋದು ಅವನೇ ಅಂತ ಬೆಟ್ ಕಟ್ಟೋರು ಅಂದುಕೊಂಡಿದ್ದಕ್ಕೆ, ಕಾರಣ ಇತ್ತು. ಹಾಲೋವೇ 66 ಕೆಜಿ ಆಸುಪಾಸಿನ ವರ್ಗದಿಂದ 70 ಕೆಜಿ ವರ್ಗಕ್ಕೆ ಏರಿ ಬಂದಿದ್ದ. 2019ರಲ್ಲಿ ಹೀಗೇ ಏರಿ ಬಂದು ಡಸ್ಟಿನ್ ಪೊರಿಯೆ ಕೈಯಲ್ಲಿ ಸೋತಿದ್ದ. ಅದೇ ಪೊರಿಯೆಯನ್ನ ಗೇಚಿ 2023ರಲ್ಲಿ ತಲೆಗೆ ಒಂದೇ ಒದೆ ಕೊಟ್ಟು ಮಲಗಿಸಿದ್ದ. ಇನ್ನೊಂದು ಕಡೆ, ಅಲ್ಲಿವರೆಗೆ ಹಾಲೋವೇಯನ್ನ ಯಾರೂ ನಾಕೌಟ್ ಮಾಡಿರಲಿಲ್ಲ. ಇವೆಲ್ಲ ಬರೆದು, ‘ಇಷ್ಟು ಗೊತ್ತಿದ್ದೂ ನಾನು ಗೇಚಿ ಅಂದೆ, ನಾನು ಲೆಕ್ಕಕ್ಕೆ ತಗೊಳ್ಳದೇ ಇದ್ದದ್ದು ಹಾಲೋವೇಯ ಕಾಲು’ ಅಂದಿದ್ದರೆ ತಪ್ಪಿದ ಪಿಕ್ ಕೂಡ ಓದಿಸಿಕೊಂಡು ಹೋಗುತ್ತಿತ್ತು.

ಉಲ್ಟಾ ಕೇಸು ಅಲೆಕ್ಸ್ ಪೆರೇರಾದು. ಪಿಕ್ ಸರಿ. ಕಾರಣ? ‘ಪೆರೇರಾ ಅಂದ್ರೆ ರಾಕ್ಷಸ, ಅಷ್ಟೇ.’ ಅಷ್ಟೇ ಅಲ್ಲ ಸ್ವಾಮಿ. ಅವನ ಎದುರಾಳಿ ಜಮಾಲ್ ಹಿಲ್ ಹಿಮ್ಮಡಿ ನರ ಹರಿದುಕೊಂಡು 2023ರಲ್ಲಿ ಚಾಂಪಿಯನ್ ಬೆಲ್ಟನ್ನೇ ಬಿಟ್ಟುಕೊಟ್ಟಿದ್ದವನು, ಅಲ್ಲಿಂದ ವಾಪಸ್ ಬಂದ ಮೊದಲ ಫೈಟ್ ಇದು. ಮೇಲಾಗಿ ಅವನೂ ನಿಂತು ಹೊಡೆಯುವವನೇ. ಪೆರೇರಾನನ್ನ ನೆಲಕ್ಕೆ ಕೆಡವಿ ಕೂರುವವನಲ್ಲ. ಪೆರೇರಾಗೆ ಇದಕ್ಕಿಂತ ಅನುಕೂಲ ಏನು ಬೇಕು? ಇನ್ನು ಆ ಕೊನೆಯ ಗಳಿಗೆ. ಹಿಲ್ ಒದೆ ತೊಡೆಸಂದಿಗೆ ಬಿತ್ತು, ಅದು ಫೌಲ್. ರೆಫರಿ ಆಟ ನಿಲ್ಲಿಸಲು ಮುಂದೆ ಬಂದ. ಪೆರೇರಾ ಅವನ ಕಡೆ ಕೈ ತೋರಿಸಿ ‘ಬೇಡ, ಬಿಡು’ ಅಂತ ಸನ್ನೆ ಮಾಡಿದ, ಆಮೇಲೆ ಎಡಗೈ ಹುಕ್, ಹಿಲ್ ಅಂಗಾತ. ನಿಮ್ಮ ಲೇಖನದಲ್ಲಿ ಆ ಕೈಸನ್ನೆ ಇಲ್ಲವೇ ಇಲ್ಲ. ಬಂದ ರೂಪಾಯಿ ಲೆಕ್ಕ ಇದೆ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. 13ರಲ್ಲಿ 9 ಸರಿ ಅಂತ ಶೀರ್ಷಿಕೆಯಲ್ಲೇ ಹಾಕಿಕೊಂಡಿದ್ದೀರಿ. ಪಿಕ್‌ಗಳು ಬಹುತೇಕ ಫೇವರಿಟ್‌ಗಳೇ. ಸರಾಸರಿ ದರ 1.40 ಅಂತಿಟ್ಟುಕೊಳ್ಳಿ, ಅಂದರೆ ನೂರು ಕಟ್ಟಿ ಗೆದ್ದರೆ ನಿಮ್ಮ ನೂರೂ ಸೇರಿ 140 ಕೈಗೆ. ಪಂದ್ಯಕ್ಕೆ ನೂರರಂತೆ 1300 ಕಟ್ಟಿದಿರಿ. 9 ಗೆದ್ದಾಗ ಬಂದದ್ದು 1260. 40 ರೂಪಾಯಿ ಲುಕ್ಸಾನು! ಆ ದರದಲ್ಲಿ ಬರೀ ಅಸಲು ವಾಪಸ್ ಬರಬೇಕು ಅಂದರೂ ನೂರಕ್ಕೆ 71ಕ್ಕಿಂತ ಜಾಸ್ತಿ ಸರಿಹೋಗಬೇಕು, ನಿಮ್ಮದು 69. ಇನ್ನು ಐದು ಪಂದ್ಯ ಸೇರಿಸಿ ಒಂದೇ ಬೆಟ್ ಕಟ್ಟಿ ಅಂತ ಓದುಗರಿಗೆ ಬುದ್ಧಿ ಹೇಳಿದ್ದೀರಿ. ಒಂದೊಂದೂ ನೂರಕ್ಕೆ 70ರಷ್ಟು ಗೆಲ್ಲುವ ಹಾಗಿದ್ದರೂ ಐದೂ ಒಟ್ಟಿಗೆ ಬರುವ ಸಾಧ್ಯತೆ ನೂರಕ್ಕೆ ಹೆಚ್ಚುಕಡಿಮೆ 17. ಈ ಲೆಕ್ಕ ಬರೆದಿದ್ದರೆ ಹಾಕುತ್ತಿದ್ದೆ. ಕೊನೆಯಲ್ಲಿ ಇಟ್ಟಿದ್ದೀರಲ್ಲ ಆಪ್ ಹೆಸರು, ರೆಫರಲ್ ಕೋಡ್, ಅದನ್ನಂತೂ ಯಾವ ಕಾರಣಕ್ಕೂ ಹಾಕುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಪ್ರಚಾರ ಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ ಇದೆ. ನಿಮ್ಮ ಕೋಡ್‌ಗೋಸ್ಕರ ನಾನು ಒಳಗೆ ಹೋಗಲಾ?

‘ಮೈಸೂರು ರೇಸ್‌ಕೋರ್ಸಿನ ಟಿಪ್ಸ್ ಪೇಪರಿನಲ್ಲೇ ಬರುತ್ತಲ್ಲ ಸಾರ್’ ಅಂತ ವಾದ ಬೇರೆ. ಬರುತ್ತದೆ. ಕುದುರೆ ರೇಸ್ ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಆ ಕಥೆ ಬೇರೆ, ನಿಮ್ಮ ಮೊಬೈಲ್ ಆಪ್ ಕಥೆ ಬೇರೆ. ಆದರೂ ಆ ಟಿಪ್ಸ್ ಬರೆಯುವವರಿಂದ ಕಲಿಯೋದು ಇದೆ: ಎಷ್ಟು ದೂರದ ರೇಸ್, ಜಾಕಿ ಯಾರು, ಕುದುರೆ ಮೇಲೆ ಎಷ್ಟು ಭಾರ, ಹಿಂದಿನ ಸಲ ಹೇಗೆ ಓಡಿತ್ತು, ಇಷ್ಟು ನೋಡದೆ ಒಳ್ಳೆಯವರು ಹೆಸರು ಬರೆಯುವುದಿಲ್ಲ. ‘ರಾಕ್ಷಸ ಕುದುರೆ, ಅಷ್ಟೇ’ ಅಂತ ಯಾರೂ ಬರೆದದ್ದು ನಾನು ನೋಡಿಲ್ಲ.

ಈಗ ಆ ಜೀವ ಇರುವ ಜಾಗಕ್ಕೆ ಬರುತ್ತೇನೆ. ನಾಲ್ಕನೇ ಪುಟದ ಮಧ್ಯೆ, ಒಲಿವೇರಾ–ಸರೂಕ್ಯಾನ್ ಪಂದ್ಯ. ಒಲಿವೇರಾ ಸೋತಿದ್ದು ಜಡ್ಜ್‌ಗಳ ಮೋಸ ಅಂತ ಅರ್ಧ ಪುಟ ಬೈದಿದ್ದೀರಿ (ಮೂವರಲ್ಲಿ ಇಬ್ಬರು ಸರೂಕ್ಯಾನ್‌ಗೆ, ಒಬ್ಬರು ಒಲಿವೇರಾಗೆ ಕೊಟ್ಟರು. ಯಾವ ರೌಂಡ್ ಯಾರದ್ದು, ಯಾಕೆ ಅಂತ ನೀವು ಎಲ್ಲೂ ಹೇಳಿಲ್ಲ, ಹಾಗಾಗಿ ಆ ಅರ್ಧ ಪುಟ ಹೊಡೆದು ಹಾಕಿದ್ದೇನೆ). ಆ ಬೈಗುಳದ ನಡುವೆ ಎಲ್ಲೋ ಒಂದು ಸಾಲು ಬಂದುಬಿಟ್ಟಿದೆ. ಮಟನ್ ತರೋಕೆ ಅಂತ ಹೊರಟಿದ್ದ ನಿಮ್ಮ ಮಾವ, ಚೀಲ ಕೈಯಲ್ಲೇ ಹಿಡಿದುಕೊಂಡು ಟಿವಿ ಮುಂದೆ ನಿಂತರು. ಒಲಿವೇರಾ ಅಂಗಾತ ಬಿದ್ದಿದ್ದ, ಮೇಲೆ ಸರೂಕ್ಯಾನ್. ಮಾವ ಅಂದರು: ‘ಚಿತ್ತಾದ್ನಲ್ಲ, ಮುಗೀತಲ್ಲ, ಇನ್ಯಾಕ್ಲಾ ಹೊಡೀತಾವ್ನೆ?’

ನೀವು ಇದನ್ನ ತಮಾಷೆ ಅಂತ ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಚಿಕ್ಕಂದಿನಲ್ಲಿ ಗರಡಿಗೆ ಹೋದವರು ನಿಮ್ಮ ಮಾವ ಅಂತ ನೀವೇ ಬರೆದಿದ್ದೀರಿ. ಅವರ ಲೆಕ್ಕದಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿದ ಹಾಗೆ. ಆಮೇಲೆ ಎದ್ದು ಮಣ್ಣು ಕೊಡವಿಕೊಳ್ಳೋದೇ. ಆದರೆ ಒಲಿವೇರಾಗೆ ಬೆನ್ನ ಮೇಲೆ ಮಲಗೋದೂ ಒಂದು ಜಾಗ, ಅಲ್ಲಿಂದಲೇ ಎಷ್ಟೋ ಜನರ ಕುತ್ತಿಗೆ, ಕೈ ಹಿಡಿದು ಸೋಲೊಪ್ಪಿಸಿದವನು ಅವನು. ಮೊದಲ ರೌಂಡಿನಲ್ಲೇ ಸರೂಕ್ಯಾನ್ ಕುತ್ತಿಗೆಗೆ ಗಿಲೋಟಿನ್ (ತೋಳಲ್ಲಿ ಕುತ್ತಿಗೆ ಅಮುಕುವ ಪಟ್ಟು) ಬಿಗಿದಿದ್ದ, ಇನ್ನೇನು ಮುಗೀತು ಅನ್ನಿಸಿತ್ತು. ಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದೇ ನಿಮ್ಮ ಲೇಖನ ಆಗಬೇಕು.

ಅದರ ಬದಲು ನೀವು ಮೊದಲ ಪ್ಯಾರಾದಲ್ಲಿ ರೋಮ್‌ಗೆ ಹೋಗಿದ್ದೀರಿ, ಗ್ಲಾಡಿಯೇಟರ್‌ಗಳು, ಸಿಂಹಗಳು. ಅಷ್ಟು ದೂರ ಯಾಕೆ? ದಸರಾ ಕುಸ್ತಿ ನೋಡೋಕೆ ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಮಂಡ್ಯದಿಂದ ಬಸ್ಸಿದೆ. ವಿಜಯದಶಮಿ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಆಯುಧ ತೊಟ್ಟು ಇಳಿಯುತ್ತಾರೆ, ಒಬ್ಬರ ತಲೆಯಲ್ಲಿ ರಕ್ತ ಕಂಡ ತಕ್ಷಣ ಕಾಳಗ ನಿಲ್ಲುತ್ತದೆ. ಆ ನಿಯಮ ವೇಗಸ್‌ನಲ್ಲಿ ಇದ್ದಿದ್ದರೆ? ಗೇಚಿ ಮೂಗು ಮುರಿದ ಗಳಿಗೆಗೇ ಮುಗೀತು, ಆ ಕೊನೇ ಹತ್ತು ಸೆಕೆಂಡ್ ನಮಗೆ ಸಿಗುತ್ತಲೇ ಇರಲಿಲ್ಲ. ಕುಸ್ತಿ ನಿಯಮ ಇದ್ದಿದ್ದರೆ ಒಲಿವೇರಾ ಮೊದಲ ರೌಂಡಿನಲ್ಲೇ ಸೋತ, ಜಡ್ಜ್‌ಗಳನ್ನ ಬೈಯುವ ತಾಪತ್ರಯವೂ ನಿಮಗೆ ಇರುತ್ತಿರಲಿಲ್ಲ. ಪಂಜರದೊಳಗೆ ಮಾತ್ರ ಬೆನ್ನು ತಾಗಿದರೂ ನಡೆಯುತ್ತದೆ, ರಕ್ತ ಬಂದರೂ ನಡೆಯುತ್ತದೆ. ಕೈ ತಟ್ಟಿ ಸೋಲೊಪ್ಪಬೇಕು, ರೆಫರಿಯೋ ಡಾಕ್ಟರೋ ನಿಲ್ಲಿಸಬೇಕು, ಇಲ್ಲವೇ ಗಂಟೆ ಹೊಡೆಯಬೇಕು. ಕುಸ್ತಿ, ವಜ್ರಮುಷ್ಟಿ, ಪಂಜರ, ಈ ಮೂರನ್ನೂ ಹತ್ತಿರದಿಂದ ನೋಡಿರುವ ಮನೆ ನಿಮ್ಮದು. ಫೈಟ್ ಬಗ್ಗೆ ಬರೆಯುವ ಬೇರೆಯವರಿಗೆ ಈ ಕಣ್ಣು ಇಲ್ಲ ಕಣ್ರೀ.

ಹಾಗಾಗಿ ಹೀಗೆ ಮಾಡಿ. 13 ಪಂದ್ಯ ಬೇಡ, ನಾನು ಹೇಳಿದ ಮೂರೇ ಇಟ್ಟುಕೊಳ್ಳಿ. ಪಿಕ್ ಇರಲಿ, ಆದರೆ ಫೈಟ್‌ಗೆ ಮುಂಚೆ ಏನು ಕಾರಣ ಇಟ್ಟುಕೊಂಡಿದ್ದಿರೋ ಅದನ್ನೇ ಬರೆಯಿರಿ, ಫಲಿತಾಂಶ ನೋಡಿಕೊಂಡು ತಿದ್ದಿದರೆ ನನಗೆ ಗೊತ್ತಾಗುತ್ತದೆ. ರೂಪಾಯಿ ಲೆಕ್ಕ ತೆಗೆಯಿರಿ. ಮಾವನನ್ನ ಮೊದಲ ಪುಟಕ್ಕೆ ತನ್ನಿ, ಸಾಧ್ಯವಾದರೆ ಪಕ್ಕದಲ್ಲಿ ಕೂರಿಸಿಕೊಂಡು ಪಂದ್ಯಗಳನ್ನ ಇನ್ನೊಂದು ಸಲ ಹಾಕಿ ತೋರಿಸಿ, ಅವರು ಏನಂತಾರೋ ಅದನ್ನ ಅವರ ಮಾತಲ್ಲೇ ಬರೆದುಕೊಳ್ಳಿ. ಪುಸ್ತಕದ ಭಾಷೆಗೆ ತಿರುಗಿಸಬೇಡಿ. ನಾಲ್ಕು ಪುಟ ದಾಟದಿದ್ದರೆ ಸಾಕು. ಮುಂದಿನ ತಿಂಗಳ ಸಂಚಿಕೆ ತುಂಬಿದೆ, ಅದರ ಮುಂದಿನದಕ್ಕೆ ಜಾಗ ಇಟ್ಟಿರುತ್ತೇನೆ. ಹಾಂ, ಮಾವನ ಹೆಸರು ಹಾಕೋ ಮೊದಲು ಅವರನ್ನ ಒಂದು ಮಾತು ಕೇಳಿ.