ಅದು ‘ಯು ಟರ್ನ್’, ಆದರೆ ನಮ್ಮ ಕನ್ನಡದ್ದಲ್ಲ

ಮರುಭೂಮಿ ಊರಲ್ಲಿ ಕಾರು ಕೆಟ್ಟು ಸಿಕ್ಕಿಬೀಳುವವನಿಗೆ ಗಂಡ, ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲು ಸುಪಾರಿ ಕೊಡುವ ಸಿನಿಮಾ ಯಾವುದು ಅಂತ ಕೇಳಿದ್ದೀರಲ್ಲ? ಅದು ಹಾಲಿವುಡ್ ನಿರ್ದೇಶಕ ಆಲಿವರ್ ಸ್ಟೋನ್ 1997ರಲ್ಲಿ ಮಾಡಿದ ‘ಯು ಟರ್ನ್’. ಸುಮ್ನೆ ಹೆಸರು ಹಾಕಿ ಹುಡುಕಿದರೆ ಪವನ್ ಕುಮಾರ್ ಅವರ 2016ರ ಕನ್ನಡ ಸಿನಿಮಾ ಬರುತ್ತದೆ. ಅದೇ ಬೇರೆ, ಇದೇ ಬೇರೆ. ನಾಯಕ ಶಾನ್ ಪೆನ್ ಹೆಸರೂ ಸೇರಿಸಿ ಹುಡುಕಿ.

ಕಾರಿನ ರೇಡಿಯೇಟರ್ ಪೈಪ್ ಒಡೆದು ನಾಯಕ ಅಮೆರಿಕದ ಅರಿಜೋನಾದ ಸುಪೀರಿಯರ್ ಊರಿಗೆ ಬರುತ್ತಾನೆ. ಗಂಡನಾಗಿ ನಿಕ್ ನೋಲ್ಟಿ, ಹೆಂಡತಿಯಾಗಿ ಜೆನಿಫರ್ ಲೋಪೆಜ್. ಆದರೆ ನನಗೆ ಹಿಡಿಸಿದ್ದು ಮೆಕ್ಯಾನಿಕ್, ಬಿಲ್ಲಿ ಬಾಬ್ ಥಾರ್ನ್‌ಟನ್. ಮೈಯೆಲ್ಲ ಗ್ರೀಸ್, ಮಾತು ನಿಧಾನ, ಬಿಲ್ ಮಾತ್ರ ಏರುತ್ತಲೇ ಇರುತ್ತದೆ!

ನಾನು ಕಲಬುರಗಿಯವನು. ಒಮ್ಮೆ ಮೇ ತಿಂಗಳ ಬಿಸಿಲಲ್ಲಿ ಜೇವರ್ಗಿ ರಸ್ತೆಯಲ್ಲಿ ನನ್ನ ಗಾಡಿಯೂ ಹೀಗೇ ಕುದ್ದು ನಿಂತಿತ್ತು. “ಸಂಜಿತನಾ ಆಗ್ತದ್ರಿ” ಅಂದ ಗ್ಯಾರೇಜಿನವನು ಮೂರು ದಿನ ಇಟ್ಟುಕೊಂಡ. ಆ ಸೀನ್‌ಗಳಿಗೆ ನಾನು ಬೇರೆಯವರಿಗಿಂತ ಸ್ವಲ್ಪ ಜಾಸ್ತಿನೇ ನಕ್ಕಿರಬೇಕು.

ಸಂಗೀತ ಎನ್ನಿಯೊ ಮೊರಿಕೋನೆ ಅವರದು. ಕೊನೆಕೊನೆಗೆ ರಕ್ತ ಜಾಸ್ತಿ, ಮಕ್ಕಳು ಮಲಗಿದ ಮೇಲೆ ಹಾಕಿ.