ಚಪ್ಪಲಿ ಹೊರಗೆ ಬಿಟ್ಟರೆ ವೈರಸ್ ಬರಲ್ವಾ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಮಡಿ-ಮೈಲಿಗೆಯ ಬಗ್ಗೆಯೇ ಇವೆ. ತಿಪಟೂರಿನಲ್ಲಿ ವರ್ಷಗಟ್ಟಲೆ ರಿಪೇರಿ ಅಂಗಡಿ ಇಟ್ಟಿದ್ದವನಿಗೆ ಇವೆಲ್ಲ ಹಳೇ ಗಿರಾಕಿಗಳು.

ಪ್ರಶ್ನೆ: ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ವೈರಸ್ ಬರುತ್ತೆ ಅಂತ ಅಟೆಂಡರ್ ಹೆದರಿಸುತ್ತಿದ್ದರು. ಚಪ್ಪಲಿಗೂ ವೈರಸ್ಸಿಗೂ ಏನು ಸಂಬಂಧ?
– ಹಳೇ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಸಂಬಂಧ ಇದ್ದದ್ದು ಧೂಳಿಗೆ. ಆಗ ಫೈಲು ಇಡುತ್ತಿದ್ದದ್ದು ಫ್ಲಾಪಿ ಅನ್ನುವ ತೆಳು ಡಿಸ್ಕಿನಲ್ಲಿ. ಅದರ ಡ್ರೈವಿನಲ್ಲಿ ಓದುವ ಹೆಡ್ಡು ಡಿಸ್ಕಿಗೆ ತಾಗಿಕೊಂಡೇ ಇರುತ್ತಿತ್ತು. ನಡುವೆ ಒಂದು ಕಣ ಮಣ್ಣು ಸಿಕ್ಕರೆ ಗೀರು ಬಿತ್ತು, ಫೈಲು ಹೋಯಿತು. ಪ್ರಿನ್ಸಿಪಾಲರು ಚಪ್ಪಲಿ ಬಿಡಿ ಅಂದರು. ಹುಡುಗರು ಕೇಳಲಿ ಅಂತ ಅಟೆಂಡರ್ ಅದಕ್ಕೆ ವೈರಸ್ ಸೇರಿಸಿದರು. ಮಜಾ ಏನಂದರೆ, ನಿಜವಾದ ವೈರಸ್ ಒಳಗೆ ಬರುತ್ತಿದ್ದದ್ದು ಬರಿಗಾಲಿನ ಹುಡುಗರ ಜೇಬಿನಲ್ಲಿದ್ದ ಫ್ಲಾಪಿಯಿಂದ. 1986ರ ‘ಬ್ರೇನ್’ ವೈರಸ್ ಊರೂರು ಸುತ್ತಿದ್ದೂ ಹಾಗೇ. ಅದನ್ನು ಬರೆದವರು ಲಾಹೋರಿನ ಅಣ್ಣತಮ್ಮಂದಿರು. ಒಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು ಪುಣ್ಯಾತ್ಮರು!

ನಾನು ಕ್ಯಾಬಿನೆಟ್ ಬಿಚ್ಚಿದಾಗ ಕಂಡ ಶತ್ರುಗಳೇ ಬೇರೆ. ಪವರ್ ಸಪ್ಲೈ ಒಳಗೆ ಹೊಕ್ಕು ಸುಟ್ಟುಹೋದ ಹಲ್ಲಿ, ವೈರು ಕಡಿದ ಇಲಿ. ಇವು ಚಪ್ಪಲಿ ಹಾಕುವ ಪೈಕಿ ಅಲ್ಲ.

ಪ್ರಶ್ನೆ: ನನ್ನ ಮಗ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ರೈಟ್ ಕ್ಲಿಕ್, ರಿಫ್ರೆಶ್, ಮತ್ತೆ ರಿಫ್ರೆಶ್. ಹಾಗೆ ಮಾಡಿದರೆ ಫಾಸ್ಟ್ ಆಗುತ್ತಂತೆ. ಹೌದಾ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಇಲ್ಲಮ್ಮ. ಬಸ್ ಡ್ರೈವರ್ ಹೊರಡುವ ಮುಂಚೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಅದೇ ಲೆಕ್ಕ. ರಿಫ್ರೆಶ್ ಅಂದರೆ ಪರದೆ ಮೇಲಿನ ಐಕಾನುಗಳನ್ನು ಇನ್ನೊಂದು ಸಲ ಬಿಡಿಸುವುದು, ಅಷ್ಟೆ. ಮೆಮೊರಿ ಖಾಲಿಯಾಗಲ್ಲ. ಆದರೆ ಆನ್ ಆದ ಹೊಸದರಲ್ಲಿ ಹಿಂದುಗಡೆ ಒಂದಷ್ಟು ಪ್ರೋಗ್ರಾಂಗಳು ಎದ್ದೇಳುತ್ತಿರುತ್ತವೆ. ನಿಮ್ಮ ಮಗ ಒತ್ತಿ ಮುಗಿಸುವಷ್ಟರಲ್ಲಿ ಅವು ತಣ್ಣಗಾಗಿರುತ್ತವೆ. ಕೆಲಸ ಮಾಡಿದ್ದು ಕಾದ ಹೊತ್ತು, ಹೆಸರು ಬಂದದ್ದು ರಿಫ್ರೆಶ್‌ಗೆ.

ಪ್ರಶ್ನೆ: “ಇವತ್ತು ರಾತ್ರಿ 12.30ರಿಂದ 3.30ರವರೆಗೆ ವಿಶ್ವಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ, ನಾಸಾ ಹೇಳಿದೆ” ಅಂತ ನಮ್ಮ ಮಾವನವರು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದಾರೆ. ಇದು ಸುಳ್ಳು ಅಂತ ಹೇಗೆ ಹೇಳೋದು?
– ಕಿರಿ ಸೊಸೆ, ಶಿವಮೊಗ್ಗ

ಉತ್ತರ: ಸುಳ್ಳು ಅನ್ನಬೇಡಿ. “ಮಾವ, ಇದರಲ್ಲಿ ತಾರೀಖೇ ಇಲ್ವಲ್ಲ?” ಅಂತ ಕೇಳಿ ಸುಮ್ಮನಾಗಿ. ಈ ಮೆಸೇಜು ಬಹಳ ಹಳೇದು, ಎಸ್ಸೆಮ್ಮೆಸ್ ಕಾಲದಿಂದಲೂ ಸುತ್ತುತ್ತಿದೆ. ಯಾವತ್ತು ಓದಿದರೂ ಅದರಲ್ಲಿ “ಇವತ್ತು ರಾತ್ರಿ”ಯೇ.

ವಿಶ್ವಕಿರಣ ಅಂದರೆ ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ ಕಣಗಳು. ಅವು ಟೈಮ್ ಟೇಬಲ್ ಹಿಡಿದು ಬರುವುದಿಲ್ಲ. ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರಿಗೂ ಎತ್ತರ ಏರಿ ಅಳೆದರು. ಅಷ್ಟು ಮೇಲಕ್ಕೆ ಹೋದಾಗ ವಿಕಿರಣ ಜಾಸ್ತಿಯಾಗಿತ್ತು, ಅಂದರೆ ಅದು ಬರುತ್ತಿದ್ದದ್ದು ಮೇಲಿನಿಂದ. ಆಮೇಲೆ ನಮ್ಮ ಕೋಲಾರದ ಕಥೆ ಇದೆ. 1960ರ ದಶಕದಲ್ಲಿ ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಚಿನ್ನದ ಗಣಿಯಲ್ಲಿ 2 ಕಿಲೋಮೀಟರಿಗೂ ಆಳಕ್ಕೆ ಇಳಿದು ಉಪಕರಣ ಇಟ್ಟರು. ಯಾಕೆ? ಈ ಕಿರಣಗಳ ಗದ್ದಲದಿಂದ ತಪ್ಪಿಸಿಕೊಂಡು, ನ್ಯೂಟ್ರಿನೋ ಅನ್ನುವ, ಯಾವುದಕ್ಕೂ ಸುಲಭಕ್ಕೆ ತಾಗದ ಸೂಕ್ಷ್ಮ ಕಣ ಹಿಡಿಯೋಕೆ. 1965ರಲ್ಲಿ ಹಿಡಿದೂ ಹಿಡಿದರು. ಹಾಗಿರುವಾಗ ಮೊಬೈಲನ್ನು ದಿಂಬಿನ ಪಕ್ಕದಿಂದ ಟಿವಿ ಸ್ಟ್ಯಾಂಡಿಗೆ ಸಾಗಿಸಿದರೆ ಏನು ಬಂತು?

ಮಾವನವರಿಗೆ ಬೇಜಾರಾದರೆ ಇದನ್ನು ಓದಿ ಹೇಳಿ. 2003ರ ಮೇ ತಿಂಗಳು, ಬೆಲ್ಜಿಯಂನಲ್ಲಿ ಚುನಾವಣೆ. ಬ್ರಸೆಲ್ಸ್‌ನ ಸ್ಕಾರ್‌ಬೀಕ್ ಅನ್ನುವ ಕಡೆ ಒಬ್ಬ ಅಭ್ಯರ್ಥಿಗೆ ಸಾಧ್ಯವೇ ಇಲ್ಲದಷ್ಟು ಮತ ಬಿತ್ತು. ಮತ್ತೆ ಎಣಿಸಿದರೆ 4096 ಮತ ಹೆಚ್ಚುವರಿ. ಲೆಕ್ಕ ಗೊತ್ತಿದ್ದವರು ಆ ಸಂಖ್ಯೆ ನೋಡಿಯೇ ಹುಬ್ಬೇರಿಸಿದರು. ಎರಡನ್ನು ಎರಡರಿಂದಲೇ ಗುಣಿಸುತ್ತಾ ಹೋದರೆ 4096 ಬರುತ್ತದೆ. ಕಂಪ್ಯೂಟರ್ ಸಂಖ್ಯೆ ಬರೆಯುವುದು ಸೊನ್ನೆ-ಒಂದರಲ್ಲೇ, ಒಂದೊಂದು ಸ್ಥಾನಕ್ಕೂ (ಅದೇ ಬಿಟ್) ಹಿಂದಿನದರ ಎರಡರಷ್ಟು ಬೆಲೆ. ಅಂದರೆ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಪಲ್ಟಿ ಹೊಡೆದಿದೆ. ಸಾಫ್ಟ್‌ವೇರ್ ಜಾಲಾಡಿದರೂ ತಪ್ಪು ಸಿಗಲಿಲ್ಲ. ವಿಶ್ವಕಿರಣದ ಕಣ ತಾಗಿರಬಹುದು ಅನ್ನುವುದು ಊಹೆ, ಸಾಕ್ಷಿ ಇಲ್ಲ. ಮೊಬೈಲ್ ಆಫ್ ಮಾಡಿ ಮಲಗುವುದು ಒಳ್ಳೇದೇ ಬಿಡಿ. ಅದಕ್ಕೆ ನಾಸಾ ಯಾಕೆ?

ಪ್ರಶ್ನೆ: ಹಿಂದೆ ನಮ್ಮ ಆಫೀಸಿಗೆ ಕರಡಿಮರಿ ಚಿತ್ರದ ವೈರಸ್ ಬಂದಿತ್ತು. ಮೇಲ್‌ನಲ್ಲಿ ಹೇಳಿದ ಹಾಗೆ ಎಲ್ಲರೂ ಹುಡುಕಿ ಅಳಿಸಿದೆವು. ಅದು ಯಾವ ವೈರಸ್?
– ನಿವೃತ್ತ ಗುಮಾಸ್ತ, ಗದಗ

ಉತ್ತರ: ಸ್ವಾಮಿ, ನೀವು ಅಳಿಸಿದ್ದು ವಿಂಡೋಸ್‌ನದೇ ಫೈಲು! 2002ರಲ್ಲಿ ಲೋಕವೆಲ್ಲ ಸುತ್ತಿದ ಮೇಲ್ ಅದು. “ಆಂಟಿವೈರಸ್‌ಗೂ ಸಿಗಲ್ಲ, 14 ದಿನ ಸುಮ್ಮನಿದ್ದು ಆಮೇಲೆ ಎಲ್ಲ ಹಾಳು ಮಾಡುತ್ತೆ” ಅಂತ ಅದರಲ್ಲಿತ್ತು. ಆಂಟಿವೈರಸ್‌ಗೆ ಸಿಗದಿದ್ದದ್ದು ನಿಜ, ಯಾಕಂದರೆ ಅದು ವೈರಸ್ಸೇ ಅಲ್ಲ. ಜಾವಾ ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಫೈಲು, ಐಕಾನಿಗೆ ಯಾರೋ ಕರಡಿಮರಿ ಇಟ್ಟಿದ್ದರು. ಅಳಿಸುವ ಕೆಲಸ, ಹತ್ತು ಜನಕ್ಕೆ ಕಳಿಸುವ ಕೆಲಸ ಎರಡನ್ನೂ ನಿಮ್ಮ ಕೈಯಲ್ಲೇ ಮಾಡಿಸಿದರು. ಗುಮಾಸ್ತರಿಗೆ ಅದೊಂದು ಸಂಬಳವಿಲ್ಲದ ಓಟಿ.

ಪ್ರಶ್ನೆ: ಅಪ್ಪ ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ಹಳೇ ಫೈಲು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ವೈರಸ್ ಹೊಡೆದಿದೆ, ಫಾರ್ಮ್ಯಾಟ್ ಮಾಡಬೇಕು ಅಂತಾರೆ ಅಂಗಡಿಯವರು.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಲ್ಯಾಪ್‌ಟಾಪ್ ವಾಪಸ್ ಇಸ್ಕೊಳ್ಳಿ! ಫೈಲು ಗಟ್ಟಿಮುಟ್ಟಾಗಿದೆ. ಆಗ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೆ ‘ನುಡಿ’, ‘ಬರಹ’ ಸಾಫ್ಟ್‌ವೇರ್ ಮಾಡಿದವರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ತಲಕಟ್ಟು, ಕೊಂಬು, ಒತ್ತು ಅಂತ ಕನ್ನಡದ ತುಂಡುಗಳನ್ನು ಕೂರಿಸಿದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ. ನಮ್ಮ ಕಡೆ ಒಬ್ಬರ ಗೃಹಪ್ರವೇಶದ ಕರೆಯೋಲೆ ಹೀಗೇ ಅಚ್ಚಾಗಿ ಬಂದು, ಫ್ರೆಂಚಿನಲ್ಲಿದೆ ಅಂತ ನೆಂಟರು ಮೆಚ್ಚಿಕೊಂಡಿದ್ದರಂತೆ.

ಹಳೇ ನುಡಿ ಫಾಂಟ್ ಹಾಕಿ ತೆರೆಯಿರಿ, ಕನ್ನಡ ಬರುತ್ತದೆ. ಆಮೇಲೆ ಈಗಿನ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಿ. ಅದಕ್ಕೆ ಪುಕ್ಕಟೆ ಪರಿವರ್ತಕಗಳಿವೆ. ಅರ್ಕಾವತ್ತು ಬಂದ ಕಡೆ ಅವು ಒಮ್ಮೊಮ್ಮೆ ಎಡವುತ್ತವೆ, ಒಂದು ಸಲ ಓದಿ ತಿದ್ದಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಪ್ರಶ್ನೆ: ಬ್ರೌಸರಿನ ಇನ್‌ಕಾಗ್ನಿಟೋ ಅನ್ನುವ ಗುಟ್ಟಿನ ಕಿಟಕಿಯಲ್ಲಿ ಏನು ನೋಡಿದರೂ ಯಾರಿಗೂ ಗೊತ್ತಾಗಲ್ವಂತೆ. ಆಫೀಸಿನಲ್ಲಿ ಬೇರೆ ಕೆಲಸ ಹುಡುಕೋಕೆ ಬಳಸಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅದು ನಿಮ್ಮ ಬ್ರೌಸರಿನ ಹಿಸ್ಟರಿಯಲ್ಲಿ ಉಳಿಯಲ್ಲ, ಅಷ್ಟೆ. ಯಾವ ಸೈಟಿಗೆ ಹೋದಿರಿ ಅಂತ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ತಿಳಿಯಬಹುದು. ಅಂದ ಹಾಗೆ, ಈ ಪ್ರಶ್ನೆಯನ್ನು ನೀವು ಕಳಿಸಿರುವುದು ಆಫೀಸಿನ ಇಮೇಲಿನಿಂದ.