ತಾರಾ ಆಟಗಾರನನ್ನೇ ಏಕೆ ಬಿಟ್ಟುಕೊಡುತ್ತಾರೆ?

ಪ್ರಶ್ನೆ: ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಕ್ಕದ (ಕುಟುಂಬದ) ಆಟಗಾರನನ್ನು ಮತ್ತೊಂದು ತಂಡಕ್ಕೆ ಕೊಡುವ ಮಾತೇ ಇಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ಮಾತ್ರ ಹೊಸದಾಗಿ ತಂಡ ಕಟ್ಟುವ ಕೋಚ್ ಅತ್ಯುತ್ತಮ ಆಟಗಾರನನ್ನೇ ಕೊಟ್ಟುಬಿಡುವುದೇಕೆ? ಇದು ಅನ್ಯಾಯವಲ್ಲವೇ?
– ಓದುಗರು, ವಿರಾಜಪೇಟೆ

ಉತ್ತರ: ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಪ್ರತಿವರ್ಷ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆಯ್ದುಕೊಳ್ಳುತ್ತವೆ, ಸಾಮಾನ್ಯವಾಗಿ ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಈ ಸರದಿಯ ಹಕ್ಕನ್ನೂ ಆಟಗಾರರಂತೆಯೇ ವಿನಿಮಯ ಮಾಡಿಕೊಳ್ಳಬಹುದಾದ್ದರಿಂದ, ದುರ್ಬಲ ತಂಡದ ಕೋಚ್‌ಗೆ ಒಬ್ಬ ತಾರೆಗಿಂತ ಮುಂದಿನ ಹಲವು ಆಯ್ಕೆಗಳು ಬೆಲೆಯುಳ್ಳವಾಗಿ ಕಾಣುತ್ತವೆ.

1989ರ ಅಕ್ಟೋಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಹೊಸ ಕೋಚ್ ಜಿಮ್ಮಿ ಜಾನ್ಸನ್ ಅವರು ತಮ್ಮ ತಂಡದ ಬಹುದೊಡ್ಡ ತಾರೆ ಹರ್ಷೆಲ್ ವಾಕರ್ ಅವರನ್ನು ಮಿನೆಸೋಟ ವೈಕಿಂಗ್ಸ್‌ಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಕೆಲವು ಆಟಗಾರರನ್ನೂ ಹಲವು ಆಯ್ಕೆಯ ಹಕ್ಕುಗಳನ್ನೂ ಪಡೆದರು. ಆ ಋತುವಿನ 16 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ ಒಂದು. ಅಭಿಮಾನಿಗಳ ಸಿಟ್ಟು ಸಹಜವಾಗಿತ್ತು. ಆದರೆ ಆ ಹಕ್ಕುಗಳ ಬಲದಿಂದ 1990ರಲ್ಲಿ ಎಮಿಟ್ ಸ್ಮಿತ್ ಬಂದರು, ಮುಂದೆ ಅವರು ಆ ಲೀಗ್‌ನಲ್ಲಿ ಚೆಂಡು ಹಿಡಿದು ಓಡಿದ ಒಟ್ಟು ದೂರದ ದಾಖಲೆಯನ್ನೇ ತಮ್ಮದಾಗಿಸಿಕೊಂಡರು. 1993 ಮತ್ತು 1994ರ ಜನವರಿಯಲ್ಲಿ ನಡೆದ ಎರಡೂ ಸೂಪರ್ ಬೌಲ್‌ಗಳನ್ನು, ಅಂದರೆ ಆ ಲೀಗ್‌ನ ಫೈನಲ್ ಪಂದ್ಯಗಳನ್ನು, ಡಲ್ಲಾಸ್ ಗೆದ್ದಿತು.

ಅನ್ಯಾಯದ ಮಾತು ನಿಜವೇ. ಒಪ್ಪಂದದಲ್ಲಿ ವಿಶೇಷ ಷರತ್ತಿಲ್ಲದಿದ್ದರೆ ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಬಿಟ್ಟು ಅವನು ಹೊರಡಬೇಕಾಗುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ನಿಮ್ಮ ಹಾಕಿ ಉತ್ಸವದ ಉದ್ದೇಶ ಕುಟುಂಬಗಳನ್ನು ಒಂದುಗೂಡಿಸುವುದು. ಆದ್ದರಿಂದ ಅಲ್ಲಿ ಇಂಥ ವಿನಿಮಯಕ್ಕೆ ಅವಕಾಶವಿಲ್ಲದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.